ವೈಪರ್ ರಬ್ಬರನ್ನು ತಿನ್ನುವುದು ಮಳೆಯಲ್ಲ

2025ರ ಜನವರಿ 1ರಿಂದ ಟೆಕ್ಸಸ್ ರಾಜ್ಯದಲ್ಲಿ ಸ್ವಂತ ಬಳಕೆಯ ಕಾರುಗಳಿಗೆ ವರ್ಷಕ್ಕೊಮ್ಮೆಯ ಸುರಕ್ಷತಾ ತಪಾಸಣೆ ನಿಂತುಹೋಯಿತು. ಅದಕ್ಕೆ ಮುಂಚೆ ರಿಜಿಸ್ಟ್ರೇಷನ್ ನವೀಕರಿಸಬೇಕೆಂದರೆ ಕಾರನ್ನು ತಪಾಸಣಾ ಕೇಂದ್ರಕ್ಕೆ ಒಯ್ಯಲೇಬೇಕಿತ್ತು. ಬ್ರೇಕ್, ಹಾರ್ನ್, ದೀಪ, ಸೀಟ್ ಬೆಲ್ಟ್, ಟೈರುಗಳ ಜೊತೆಗೆ ವೈಪರನ್ನೂ ಅಲ್ಲಿಯವರು ಪರೀಕ್ಷಿಸುತ್ತಿದ್ದರು. ಹ್ಯೂಸ್ಟನ್ನಿನ ಹ್ಯಾರಿಸ್ ಕೌಂಟಿ, ಡಾಲಸ್ ಕೌಂಟಿ, ಆಸ್ಟಿನ್ನಿನ ಟ್ರಾವಿಸ್ ಕೌಂಟಿಯಂಥ ಜನನಿಬಿಡ ಕಡೆಗಳಲ್ಲಿ ಈಗ ಹೊಗೆ ತಪಾಸಣೆಯೊಂದು ಮಾತ್ರ ಉಳಿದಿದೆ. ವೈಪರ್ ಸುಸ್ಥಿತಿಯಲ್ಲಿರಬೇಕೆಂಬ ರಾಜ್ಯದ ಕಾನೂನು ಹಾಗೆಯೇ ಇದೆ. ಆದರೆ ಅದನ್ನು ನೋಡುವ ಹೊಣೆ ಪೂರ್ತಿಯಾಗಿ ಕಾರಿನ ಒಡೆಯರದು.

ಹೊಗೆ ತಪಾಸಣೆ ಉಳಿದುಕೊಂಡದ್ದರ ಹಿಂದಿನ ಕಾರಣಕ್ಕೂ ವೈಪರಿಗೂ ಹತ್ತಿರದ ನಂಟಿದೆ. ಆ ಕಾರಣದ ಹೆಸರು ಓಝೋನ್. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಈ ಅನಿಲ ನೆಲದ ಮಟ್ಟದಲ್ಲಿ ಶ್ವಾಸಕೋಶಕ್ಕೆ ವಿಷ. ಕಾರುಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳೂ ಪೆಟ್ರೋಲಿನಂಥ ದ್ರವಗಳಿಂದ ಏಳುವ ಆವಿಯೂ ಬಿಸಿಲಿನಲ್ಲಿ ಬೆರೆತರೆ ಓಝೋನ್ ಹುಟ್ಟುತ್ತದೆ. ಹ್ಯೂಸ್ಟನ್ನಿಗೆ ಬಂದರು ಕಾಲುವೆಯ ಉದ್ದಕ್ಕೂ ಹಬ್ಬಿರುವ ತೈಲ ಸಂಸ್ಕರಣಾ ಕಾರ್ಖಾನೆಗಳ ಪಾಲೂ ಸೇರುತ್ತದೆ. ಎಂಟು ಗಂಟೆಗಳ ಸರಾಸರಿಯಲ್ಲಿ ನೂರು ಕೋಟಿಗೆ 70 ಭಾಗ ಮೀರಬಾರದು ಎಂದು 2015ರಲ್ಲಿ ಅಮೆರಿಕದ ಪರಿಸರ ಇಲಾಖೆ ಮಿತಿ ಹಾಕಿತು. ಹ್ಯೂಸ್ಟನ್ ಮತ್ತು ಡಾಲಸ್ ಪ್ರದೇಶಗಳು ಆ ಮಿತಿಯೊಳಗೆ ನಿಲ್ಲಲಾಗದೆ ವರ್ಷಗಳಿಂದ ಹೆಣಗುತ್ತಿವೆ. ವೈಪರ್ ರಬ್ಬರನ್ನು ಸದ್ದಿಲ್ಲದೆ ಕೊಲ್ಲುವುದರಲ್ಲೂ ಈ ಓಝೋನಿಗೆ ದೊಡ್ಡ ಕೈಯಿದೆ.

ಆಗಸ್ಟಿನ ಮಧ್ಯಾಹ್ನ ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಗೆ ಹೋಗಿ ನೋಡಿ. 2010ರಿಂದ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂಬ ಹೆಸರು ಹೊತ್ತಿರುವ ಈ ಪ್ರದೇಶದಲ್ಲಿ ದಿನಸಿ, ಸೀರೆ, ಚಿನ್ನ, ಸಿಹಿತಿಂಡಿಯ ಅಂಗಡಿಗಳ ಮುಂದೆ ನೆರಳಿಲ್ಲದ ಪಾರ್ಕಿಂಗ್ ಅಂಗಳಗಳಿವೆ. ವಾರದ ಸಾಮಾನಿಗೆ ಬಂದ ಕನ್ನಡದ ಮನೆಯವರ ಕಾರೂ ಆ ಸಾಲಿನಲ್ಲಿ ಕಾಯುತ್ತಿರುತ್ತದೆ. ಗಾಜು ಮುಟ್ಟಲಾಗದಷ್ಟು ಕಾದಿರುತ್ತದೆ. ಅದರ ಬುಡದಲ್ಲಿ ವೈಪರ್ ಮಲಗಿರುತ್ತದೆ. ಅದರ ತೋಳಿನ ಸ್ಪ್ರಿಂಗು ಅದನ್ನು ಗಾಜಿಗೆ ಒತ್ತಿ ಹಿಡಿದಿರುವುದರಿಂದ ರಬ್ಬರಿನ ತೆಳು ಅಂಚು ಒಂದು ಪಕ್ಕಕ್ಕೆ ಬಾಗಿಯೇ ಇರುತ್ತದೆ. ಹಾಗೆ ಬಾಗಿದ ಕಡೆ ಒಂದು ಮೈ ಹಿಗ್ಗಿರುತ್ತದೆ. ಓಝೋನ್ ಹೊಂಚುಹಾಕುವುದು ಇಂಥ ಹಿಗ್ಗಿದ ಮೈಗೇ.

ಸುಳ್ಯ, ಪುತ್ತೂರಿನ ತೋಟಗಳಲ್ಲಿ ಕೊಯ್ಯುವ ಹಾಲಿನಿಂದ ಬರುವ ನೈಸರ್ಗಿಕ ರಬ್ಬರ್ ಉದ್ದುದ್ದದ ಅಣು ಸರಪಳಿಗಳ ರಾಶಿ. ಸರಪಳಿಯ ಉದ್ದಕ್ಕೂ ಅಲ್ಲಲ್ಲಿ ಎರಡು ಇಂಗಾಲದ ಪರಮಾಣುಗಳು ಜೋಡಿ ಬಂಧದಿಂದ ಕೂಡಿಕೊಂಡಿವೆ. ಓಝೋನ್ ಅಣು ಬಂದು ಈ ಜೋಡಿ ಬಂಧವನ್ನು ಹಿಡಿದು ಸರಪಳಿಯನ್ನು ಅಲ್ಲಿಗೇ ಕಡಿಯುತ್ತದೆ. ರಬ್ಬರ್ ಸಡಿಲವಾಗಿ ಬಿದ್ದಿದ್ದರೆ ಹಾನಿ ಮೇಲ್ಪದರಕ್ಕೇ ನಿಂತುಬಿಡುತ್ತದೆ. ಎಳೆದ ಸ್ಥಿತಿಯಲ್ಲಿದ್ದರೆ ಕಡಿದ ತುದಿಗಳು ದೂರ ಸರಿಯುತ್ತವೆ, ಕೆಳಗಿನ ಹೊಸ ಪದರ ಬಯಲಾಗುತ್ತದೆ, ಅದೂ ಕಡಿದುಹೋಗುತ್ತದೆ. ಹೀಗೆ ಬಿರುಕು ಒಳಗೊಳಗೇ ಇಳಿಯುತ್ತದೆ, ಅದೂ ಎಳೆತಕ್ಕೆ ಅಡ್ಡವಾಗಿಯೇ. ವೈಪರಿನಲ್ಲಿ ಎಳೆತ ಅಡ್ಡಕ್ಕೆ ಇರುವುದರಿಂದ ಬಿರುಕು ಉದ್ದಕ್ಕೆ ಓಡುತ್ತದೆ. ಬೇಸಿಗೆ ಕಳೆದ ಮೇಲಿನ ಮೊದಲ ಜೋರು ಮಳೆಯಲ್ಲಿ ರಬ್ಬರು ಉದ್ದಕ್ಕೆ ಹರಿದು ಲಾಡಿಯಾಗಿ ಗಾಜಿನ ಮೇಲೆ ಬಡಿದಾಡುವುದನ್ನು ಕಂಡವರಿಗೆ, ಅದು ಆ ದಿನವೇ ಹರಿದದ್ದಲ್ಲ ಎಂಬುದು ಈಗ ಗೊತ್ತಾದೀತು. ಸೀಳು ತಿಂಗಳುಗಳಿಂದ ಬೆಳೆಯುತ್ತಿತ್ತು.

ರಬ್ಬರಿನ ಈ ದೌರ್ಬಲ್ಯವನ್ನೇ ವಿಜ್ಞಾನ ಒಮ್ಮೆ ಅಳತೆಗೋಲು ಮಾಡಿಕೊಂಡಿತ್ತು. ಲಾಸ್ ಏಂಜಲಿಸ್ ಹೊಗೆಮಂಜಿನಲ್ಲಿ ಮುಳುಗಿದ್ದ ಕಾಲದಲ್ಲಿ, ಅನಾನಸಿನ ಪರಿಮಳದ ಮೇಲೆ ಕೆಲಸ ಮಾಡುತ್ತಿದ್ದ ಕ್ಯಾಲ್‌ಟೆಕ್ಕಿನ ರಸಾಯನ ವಿಜ್ಞಾನಿ ಆರೀ ಹಾಗೆನ್-ಸ್ಮಿತ್ ಊರಿನ ಗಾಳಿಯತ್ತ ತಿರುಗಿದರು. ಬಿಸಿಲಿನಲ್ಲಿ ಕಾರಿನ ಹೊಗೆಯಿಂದ ಓಝೋನ್ ಹುಟ್ಟುವುದನ್ನು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಅವರು. ಬಗ್ಗಿಸಿ ಕಟ್ಟಿದ ರಬ್ಬರ್ ಪಟ್ಟಿಯನ್ನು ಗಾಳಿಗೊಡ್ಡಿ, ಅದು ಎಷ್ಟು ಬೇಗ, ಎಷ್ಟು ಆಳಕ್ಕೆ ಬಿರಿಯುತ್ತದೆಂದು ನೋಡಿ ಆಗ ಓಝೋನನ್ನು ಅಂದಾಜು ಮಾಡುತ್ತಿದ್ದರು. ಪಾರ್ಕಿಂಗ್ ಅಂಗಳದಲ್ಲಿ ಬಾಗಿ ಮಲಗಿದ ಪ್ರತಿಯೊಂದು ವೈಪರೂ ಅದೇ ಪ್ರಯೋಗವನ್ನು ನಡೆಸುತ್ತಿರುತ್ತದೆ.

ಓಝೋನಿನ ಜೊತೆಗೆ ಶಾಖವೂ ನೇರಳಾತೀತ ಕಿರಣವೂ ಸೇರುತ್ತವೆ. 2023ರಲ್ಲಿ ಆಸ್ಟಿನ್ ಸತತ 45 ದಿನ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 38 ಸೆಲ್ಸಿಯಸ್, ಮುಟ್ಟಿತು. ಡಾಲಸ್ 2011ರಲ್ಲಿ ಒಟ್ಟು 71 ದಿನ ಆ ಬಿಸಿಲು ಕಂಡಿತ್ತು. ಇಂಥ ಕಾವಿನಲ್ಲಿ ರಬ್ಬರ್ ಗಟ್ಟಿಯಾಗುತ್ತದೆ, ಬಾಗಿದ ರೂಪವನ್ನೇ ತನ್ನ ರೂಪವೆಂದು ಹಿಡಿದುಬಿಡುತ್ತದೆ. ಇದು ಬಿರುಕಿನಷ್ಟೇ ಕೆಟ್ಟದ್ದು. ಏಕೆಂದರೆ ವೈಪರಿನ ಜಾಣ್ಮೆಯೆಲ್ಲ ಇರುವುದು ಆ ಅಂಚು ಹೊರಳುವುದರಲ್ಲಿ. ತೋಳು ಎಡಕ್ಕೆ ಹೋಗುವಾಗ ಅಂಚು ಬಲಕ್ಕೆ ಬಾಗಿ ಹಿಂದಿನಿಂದ ಎಳೆಯಲ್ಪಡಬೇಕು. ಮರಳುವಾಗ ಮಗುಚಿಕೊಂಡು ಎಡಕ್ಕೆ ಬಾಗಬೇಕು. ಮಗುಚಿಕೊಳ್ಳದ ಅಂಚು ಒಂದು ದಿಕ್ಕಿನಲ್ಲಿ ಚೊಕ್ಕಟವಾಗಿ ಒರೆಸಿ, ಇನ್ನೊಂದು ದಿಕ್ಕಿನಲ್ಲಿ ಗಾಜಿಗೆ ಎದುರಾಗಿ ನಿಂತು ಕಟಕಟ ಕುಪ್ಪಳಿಸುತ್ತದೆ. ಪಿಟೀಲಿನ ಕಮಾನು ತಂತಿಯನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಾದ ಎಬ್ಬಿಸುವ ಭೌತಶಾಸ್ತ್ರವೇ ಇಲ್ಲೂ ಕೆಲಸ ಮಾಡುತ್ತದೆ. ಗಾಜು ಪೂರ್ತಿ ಒದ್ದೆಯಿದ್ದಾಗ ನೀರಿನ ಪದರವೇ ಜಾರುಬಂಡೆಯಾಗಿ ಘರ್ಷಣೆ ಕಡಿಮೆ. ತುಂತುರು ನಿಂತು ಗಾಜು ಅರೆ ಒಣಗುವ ಹೊತ್ತಿಗೆ ಘರ್ಷಣೆ ಏರುತ್ತದೆ. ಕಿರುಗುಟ್ಟುವ ಸದ್ದು ಜಡಿಮಳೆಗಿಂತ ಸೋನೆಯಲ್ಲೇ ಹೆಚ್ಚು ಕೇಳುವುದು ಅದಕ್ಕೇ.

ವೈಪರ್ ಗಾಜನ್ನು ಒಣಗಿಸುತ್ತದೆ ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ನೀರನ್ನು ಕಣ್ಣಿಗೆ ಕಾಣದಷ್ಟು ತೆಳುವಾದ, ಎಲ್ಲೆಡೆ ಒಂದೇ ಸಮನಾದ ಪದರವಾಗಿ ಹರಡಿ ಬಿಡುತ್ತದೆ. ಪದರ ಸಮನಾಗಿದ್ದರೆ ಬೆಳಕು ಓರೆಯಾಗದೆ ದಾಟುತ್ತದೆ. ಅಂಚಿನಲ್ಲಿ ಒಂದು ಸಣ್ಣ ಕಚ್ಚಿದ್ದರೂ ಆ ಜಾಗದಲ್ಲಿ ನೀರಿನ ಗೆರೆ ಉಳಿಯುತ್ತದೆ. ರಾತ್ರಿ ಎದುರು ಬರುವ ಲಾರಿಯ ದೀಪ ಆ ಗೆರೆಯಲ್ಲಿ ಚದುರಿ ದಾರಿಯನ್ನೇ ಮುಚ್ಚಿಬಿಡುತ್ತದೆ. ಅಮೆರಿಕದ ನಿಯಮದಂತೆ ವೈಪರಿನ ವೇಗದ ಓಟ ನಿಮಿಷಕ್ಕೆ ಕನಿಷ್ಠ 45 ಸುತ್ತು ಇರಬೇಕು. ಡಾಲಸ್‌ನಿಂದ ಹ್ಯೂಸ್ಟನ್ನಿಗೆ ಇಳಿಯುವ 45ನೇ ಹೆದ್ದಾರಿಯಲ್ಲಿ ಮಳೆಗೆಂದು ವೇಗ ತಗ್ಗಿಸಿ ಗಂಟೆಗೆ 60 ಮೈಲಿಯಲ್ಲಿ ಸಾಗಿದರೂ, ಅಂಥ ಒಂದು ಸುತ್ತು ಮುಗಿಯುವಷ್ಟರಲ್ಲಿ ಕಾರು ಸುಮಾರು 36 ಮೀಟರ್ ಓಡಿರುತ್ತದೆ. ಒಂದು ಸುತ್ತು ಸರಿಯಾಗಿ ಒರೆಸದಿದ್ದರೆ ಅಷ್ಟು ದೂರವನ್ನು ಮಸುಕಿನಲ್ಲೇ ಕ್ರಮಿಸಿದಂತೆ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕೆಂದು ನನ್ನ ಕಳಕಳಿ.

ಅಂಚಿಗೆ ಕಚ್ಚು ಬೀಳಿಸುವುದು ಒಣ ಧೂಳು. ಮರಳಿನ ಕಣ ಗಾಜಿಗಿಂತಲೂ ಗಟ್ಟಿ. ರಬ್ಬರನ್ನು ಕೊಯ್ಯುತ್ತದೆ, ಗಾಜನ್ನೂ ಗೀರುತ್ತದೆ. ಆಸ್ಟಿನ್ನಿನ ವಸಂತದಲ್ಲಿ ಓಕ್ ಮರದ ಪರಾಗ ಕಾರುಗಳ ಮೇಲೆ ಹಳದಿ ಪುಡಿಯಾಗಿ ಕೂರುತ್ತದೆ. ಹ್ಯೂಸ್ಟನ್ನಿಗೆ ಬೇಸಿಗೆಯಲ್ಲಿ ಸಹಾರಾ ಮರುಭೂಮಿಯ ಧೂಳು ಅಟ್ಲಾಂಟಿಕ್ ದಾಟಿ ಬರುತ್ತದೆ. ಮೇ ಮತ್ತು ಸೆಪ್ಟೆಂಬರಿನ ಆಸುಪಾಸಿನಲ್ಲಿ ಜೋಡಿಜೋಡಿಯಾಗಿ ಹಾರುವ ಲವ್‌ಬಗ್ ಎಂಬ ಕಪ್ಪು ನೊಣಗಳು ಹೆದ್ದಾರಿಯಲ್ಲಿ ಗಾಜಿಗೆ ಅಪ್ಪಳಿಸಿ ಅಂಟಿಕೊಳ್ಳುತ್ತವೆ. ಇವನ್ನೆಲ್ಲ ಒಣ ವೈಪರಿನಿಂದ ಒರೆಸಲು ಹೋಗಬಾರದು. ಮೊದಲು ನೀರು ಚಿಮ್ಮಿಸಬೇಕು, ನೊಣವಾದರೆ ಒದ್ದೆ ಬಟ್ಟೆಯಿಂದ ನೆನೆಸಿ ತೆಗೆಯಬೇಕು.

ಅಲಬಾಮಾದ ಮೇರಿ ಆಂಡರ್ಸನ್ 1903ರಲ್ಲಿ ಪೇಟೆಂಟ್ ಪಡೆದ ಸಾಧನದಲ್ಲೂ ಒಳಗಿನಿಂದ ಸನ್ನೆ ತಿರುಗಿಸಿದರೆ ಹೊರಗೆ ರಬ್ಬರ್ ಪಟ್ಟಿ ಗಾಜನ್ನು ಒರೆಸುತ್ತಿತ್ತು. ಮೋಟಾರು ಬಂದಿತು, ತೋಳು ಬದಲಾಯಿತು, ಗಾಜನ್ನು ಮುಟ್ಟುವ ವಸ್ತು ಮಾತ್ರ ಬಹುಕಾಲ ಅದೇ ಉಳಿಯಿತು. ಈಗ ಆಯ್ಕೆಗಳಿವೆ. ಇಪಿಡಿಎಂ ಎಂಬ ಕೃತಕ ರಬ್ಬರಿನ ಮುಖ್ಯ ಸರಪಳಿಯಲ್ಲಿ ಜೋಡಿ ಬಂಧವೇ ಇಲ್ಲ. ಸಿಲಿಕೋನಿನ ಬೆನ್ನೆಲುಬಂತೂ ಇಂಗಾಲದ್ದಲ್ಲ, ಸಿಲಿಕಾನ್ ಮತ್ತು ಆಮ್ಲಜನಕದ್ದು. ಎರಡಕ್ಕೂ ಓಝೋನಿನ ಭಯ ಕಡಿಮೆ. ಸಿಲಿಕೋನಿಗೆ ಬೆಲೆ ಹೆಚ್ಚು, ಕೆಲವು ಗಾಜುಗಳ ಮೇಲೆ ಕುಪ್ಪಳಿಸುವುದೂ ಉಂಟು. ಆದರೂ ನೆರಳಿಲ್ಲದ ಕಡೆ ದಿನವಿಡೀ ಕಾರು ನಿಲ್ಲಿಸುವವರಿಗೆ ಅದು ದುಡ್ಡಿಗೆ ತಕ್ಕ ವಸ್ತು ಎಂದೇ ನನ್ನ ಎಣಿಕೆ.

ಊರಿನ ಬಿಡಿಭಾಗದ ಅಂಗಡಿಯಲ್ಲಿ ರಬ್ಬರ್ ಎಳೆಯನ್ನಷ್ಟೇ ಬದಲಿಸಿ ಅಭ್ಯಾಸವಿರುವವರಿಗೆ ಇಲ್ಲಿ ಇಡೀ ಬ್ಲೇಡನ್ನೇ ಕೊಳ್ಳುವುದು ದುಂದು ಅನ್ನಿಸಬಹುದು. ಕೆಲಸವಂತೂ ಸುಲಭ. ಚಾಲಕರ ಕಡೆಯದಕ್ಕೂ ಪಕ್ಕದ ಸೀಟಿನದಕ್ಕೂ ಅಳತೆ ಸಾಮಾನ್ಯವಾಗಿ ಬೇರೆ, ಕಾರಿನ ಮಾದರಿ, ವರ್ಷ ಹೇಳಿದರೆ ಅಂಗಡಿಯವರೇ ಹುಡುಕಿ ಕೊಡುತ್ತಾರೆ. ತೋಳನ್ನು ಗಾಜಿನಿಂದ ಎತ್ತಿ ನಿಲ್ಲಿಸುವ ಮುನ್ನ ಗಾಜಿನ ಮೇಲೆ ಮಡಿಸಿದ ದಪ್ಪ ಟವೆಲ್ ಹಾಸಿ. ಬ್ಲೇಡ್ ಕಳಚಿದ ಬರಿಯ ಕಬ್ಬಿಣದ ತೋಳು ಕೈಜಾರಿದರೆ ಸ್ಪ್ರಿಂಗಿನ ಬಲದಿಂದ ಬಡಿದು ಗಾಜನ್ನೇ ಸೀಳಬಲ್ಲದು. ಬಹುತೇಕ ತೋಳುಗಳ ತುದಿ ಕೊಕ್ಕೆಯಂತಿರುತ್ತದೆ. ಅಲ್ಲಿನ ಪುಟ್ಟ ಗುಂಡಿ ಒತ್ತಿ ಬ್ಲೇಡನ್ನು ಕೆಳಕ್ಕೆ ಜಾರಿಸಿದರೆ ಕಳಚಿ ಬರುತ್ತದೆ, ಹೊಸದನ್ನು ಮೇಲಕ್ಕೆ ಎಳೆದರೆ ಟಕ್ ಎಂದು ಕೂರುತ್ತದೆ. ಆ ಸದ್ದು ಕೇಳದಿದ್ದರೆ ಇನ್ನೊಮ್ಮೆ ಎಳೆಯಿರಿ. ಹೊಸ ರಬ್ಬರಿನ ಮೇಲಿನ ಪ್ಲಾಸ್ಟಿಕ್ ಕವಚ ತೆಗೆಯಲು ಮರೆಯಬಾರದು.

ಯಾವಾಗ ಬದಲಿಸಬೇಕು? ಆರು ತಿಂಗಳಿಂದ ವರ್ಷದೊಳಗೆ ಎಂಬುದು ವಾಡಿಕೆಯ ಸಲಹೆ. ಮಳೆಗೆ ಬಳಸಿಯೇ ಇಲ್ಲವಲ್ಲ, ಇನ್ನೂ ಹೊಸದಾಗಿಯೇ ಇದೆ ಎಂಬ ಲೆಕ್ಕ ಟೆಕ್ಸಸ್‌ನಲ್ಲಿ ನಡೆಯುವುದಿಲ್ಲ. ಬಳಸದೆ ಬಿಸಿಲಿಗೆ ಬಿದ್ದ ಬೇಸಿಗೆಯೇ ಅದರ ಆಯುಷ್ಯವನ್ನು ತಿಂದಿರುತ್ತದೆ. ಡಾಲಸ್, ಆಸ್ಟಿನ್ ಕಡೆ ಮಳೆ ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಇನ್ನೊಮ್ಮೆ ಜೋರಾಗುತ್ತದೆ. ಹಾಗಾಗಿ ಸೆಪ್ಟೆಂಬರಿನ ಕೊನೆ ಒಳ್ಳೆಯ ಸಮಯ. ಹ್ಯೂಸ್ಟನ್ನಿನಲ್ಲಿ ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರಿನವರೆಗೆ ಇರುವುದರಿಂದ ಜೂನ್‌ಗೆ ಮುಂಚೆ ಒಮ್ಮೆ ಪರೀಕ್ಷಿಸುವುದು ಮೇಲು. ಅಂಚನ್ನು ಬೆರಳಿನಿಂದ ಎರಡೂ ಕಡೆ ಮಡಚಿ ನೋಡಿ. ಬುಡದಲ್ಲಿ ಉದ್ದನೆಯ ಕೂದಲ ಗೆರೆ ಕಂಡರೆ, ಅಥವಾ ಒಂದೇ ಕಡೆಗೆ ವಾಲಿ ನೆಟ್ಟಗಾಗದಿದ್ದರೆ, ಅದರ ಕೆಲಸ ಮುಗಿದಿದೆ.

ಹೊಸ ಬ್ಲೇಡ್ ಹಾಕಿದ ಮೇಲೂ ಕಟಕಟ ನಿಲ್ಲದಿದ್ದರೆ ತಪ್ಪು ಹೆಚ್ಚಾಗಿ ಗಾಜಿನದು. ಕಾರ್ ವಾಶ್‌ನಲ್ಲಿ ಸಿಂಪಡಿಸುವ ಮೇಣ ಗಾಜಿನ ಮೇಲೆ ತೆಳುವಾಗಿ ಉಳಿದು ರಬ್ಬರನ್ನು ಹಿಡಿದುಹಿಡಿದು ಬಿಡುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ರಬ್ಬಿಂಗ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿ, ಗಾಜು ತಣ್ಣಗಿರುವಾಗ, ಮೇಲಿನಿಂದ ಕೆಳಗಿನವರೆಗೆ ಒರೆಸಿ. ಬಳಿಕ ನೀರು ಚಿಮ್ಮಿಸಿ ಎರಡು ಸುತ್ತು ಓಡಿಸಿ ನೋಡಿ. ಆಗಲೂ ಸದ್ದು ಉಳಿದರೆ ತೋಳು ಸೊಟ್ಟಗಾಗಿದೆ ಎಂದರ್ಥ. ಅದನ್ನು ಗ್ಯಾರೇಜಿನವರ ಕೈಗೆ ಕೊಡುವುದು ವಾಸಿ.