ಚೀನಾಕ್ಕೆ ತಂಡಪ್ರವಾಸ: ನೋಡ್ಲಿಕ್ಕೆ ಹೋಗಿ, ಸಹಿ ಹಾಕ್ಲಿಕ್ಕಲ್ಲ

ಎಂಟು ದಿನ, ಇಪ್ಪತ್ತೈದು ಜನ. ಗುವಾಂಗ್‌ಝೌ ನಗರದ ಮೇಳ, ಒಂದೆರಡು ಕಾರ್ಖಾನೆ, ಒಂದು ಕೃಷಿ ಪಾರ್ಕು. ಕರಪತ್ರದ ಕೊನೆಯ ಸಾಲಿನಲ್ಲಿ ‘ಹೂಡಿಕೆ ಅವಕಾಶಗಳ ಪರಿಚಯ’. ಇಂಥ ಕರಪತ್ರ ಈಗ ಪೇಟೆಯ ವ್ಯಾಪಾರಿಗಳಿಗೆ ಮಾತ್ರ ಅಲ್ಲ, ಎರಡು-ಮೂರು ಎಕರೆ ತೋಟದವರ ಕೈಗೂ ಬರುತ್ತಿದೆ. 2020ರ ಆರಂಭದಲ್ಲಿ ನಿಂತುಹೋಗಿದ್ದ ಭಾರತ-ಚೀನಾ ನೇರ ವಿಮಾನ 2025ರ ಅಕ್ಟೋಬರದಲ್ಲಿ ಕೋಲ್ಕತಾ-ಗುವಾಂಗ್‌ಝೌ ನಡುವೆ ಪುನಃ ಶುರುವಾಗಿದೆ. ಹಾಗಾಗಿ ಇದು ಇನ್ನಷ್ಟು ಜಾಸ್ತಿ ಆದೀತು.

ಹೋಗಬಾರದು ಅಂತ ನನ್ನ ವಾದ ಅಲ್ಲ. ನಮ್ಮಂಥವರಿಗೆ ಅಲ್ಲಿ ನೋಡ್ಲಿಕ್ಕೆ ಬೇಕಾದಷ್ಟು ಉಂಟು. ಆದರೆ ‘ಹೂಡಿಕೆ’ ಎಂಬ ಶಬ್ದಕ್ಕೆ ಚೀನಾದಲ್ಲಿ ಏನರ್ಥ, ಸಣ್ಣ ಕೃಷಿಕನಿಗೆ ಅದರಲ್ಲಿ ಎಷ್ಟು ಜಾಗ ಉಂಟು ಎಂಬುದನ್ನು ಟಿಕೆಟಿಗೆ ದುಡ್ಡು ಕಟ್ಟುವ ಮೊದಲೇ ತಿಳಿದುಕೊಂಡರೆ ಒಳ್ಳೆಯದು. ವರ್ಷದ ಉಳಿತಾಯ ಪೂರಾ ಪ್ರವಾಸಕ್ಕೇ ಹೋಗುತ್ತದೆ. ಅದರ ಮೇಲೆ ತೋಟ ಅಡವಿಟ್ಟು ಮುಂಗಡ ಕೊಡುವ ಪ್ರಸಂಗ ಬರಬಾರದಲ್ಲ?

ಊಟದ ಹಿಂದಿನ ಲೆಕ್ಕ

ಹೋಗಿ ಬಂದವರು ಮೊದಲು ಹೇಳುವುದು ಉಪಚಾರದ ಬಗ್ಗೆ. ಸ್ವಾಗತದ ಫಲಕ, ಅಧಿಕಾರಿಗಳ ಕೈಕುಲುಕು, ದುಂಡು ಮೇಜಿನಲ್ಲಿ ಇಪ್ಪತ್ತು ಬಗೆಯ ಊಟ. ‘ನಮ್ಮ ತಾಲೂಕು ಕಚೇರಿಯಲ್ಲಿ ಕುರ್ಚಿ ಕೊಡ್ಲಿಕ್ಕಿಲ್ಲ, ಅಲ್ಲಿ ಮೇಯರೇ ಎದ್ದು ಬಂದರು ಮಾರಾಯ್ರೆ’ ಅಂತಾರೆ.

ಇದಕ್ಕೆ ಕಾರಣ ಉಂಟು. ಚೀನಾದಲ್ಲಿ ‘ಝಾವೊಶಾಂಗ್’ ಎಂಬ ಪದ್ಧತಿ ಇದೆ. ಬಂಡವಾಳದವರನ್ನು ಕರೆತರುವ ಕೆಲಸ ಎಂದರ್ಥ. ನಮ್ಮ ತಾಲೂಕಿನ ಮಟ್ಟದ ಆಡಳಿತಗಳಿಗೂ ಅದಕ್ಕಾಗಿಯೇ ಒಂದು ಕಚೇರಿ. ಎಷ್ಟು ತಂಡ ಬಂತು, ಎಷ್ಟು ಮೊತ್ತದ ಒಪ್ಪಂದ ಆಯಿತು ಎಂಬುದು ಅಧಿಕಾರಿಗಳ ಬಡ್ತಿಯ ಲೆಕ್ಕಕ್ಕೆ ಸೇರುತ್ತದೆ. ಹೀಗಾಗಿ ನೀವು ಸಹಿ ಹಾಕುವ ‘ಇಂಗಿತ ಪತ್ರ’ ನಿಮಗಿಂತ ಹೆಚ್ಚು ಅವರಿಗೆ ಬೇಕು. ಫೋಟೋ ತೆಗೆದು, ಮೊತ್ತ ಬರೆದುಕೊಂಡು, ವರದಿಗೆ ಸೇರಿಸುತ್ತಾರೆ. ಅದರಲ್ಲಿ ಮೋಸ ಏನಿಲ್ಲ, ಅವರ ಕೆಲಸ ಅದು. ಇಂಥ ಪತ್ರದಿಂದ ಸಾಮಾನ್ಯವಾಗಿ ಯಾರಿಗೂ ಕಟ್ಟುಪಾಡು ಇರುವುದಿಲ್ಲ. ಆದರೆ ಊರಿಗೆ ಬಂದು ‘ಅಗ್ರಿಮೆಂಟ್ ಆಗಿದೆ’ ಅಂತ ಬ್ಯಾಂಕಿನಲ್ಲಿ ತೋರಿಸಿದರೆ ಅದು ಬರೀ ಕಾಗದ.

ಇನ್ನೊಂದು ಸಂಗತಿ. ‘ಐದು ವರ್ಷ ತೆರಿಗೆ ಇಲ್ಲ, ಜಾಗ ಅರ್ಧ ಬೆಲೆಗೆ’ ಎಂಬ ಭರವಸೆಗಳನ್ನು ಸ್ಥಳೀಯ ಆಡಳಿತಗಳು ಹಿಂದೆ ಧಾರಾಳವಾಗಿ ಕೊಡುತ್ತಿದ್ದವು. ಊರು ಊರುಗಳ ನಡುವೆ ಪೈಪೋಟಿ. ಇದು ಅತಿಯಾಯಿತೆಂದು ಕೇಂದ್ರ ಸರಕಾರ 2024ರ ಆಗಸ್ಟ್ 1ರಿಂದ ಹೊಸ ನಿಯಮ ತಂದಿದೆ. ಕಾನೂನಿನ ಆಧಾರವಿಲ್ಲದೆ ಒಬ್ಬೊಬ್ಬರಿಗೆ ಪ್ರತ್ಯೇಕ ತೆರಿಗೆ ವಿನಾಯ್ತಿ, ಸಬ್ಸಿಡಿ ಕೊಡುವಂತಿಲ್ಲ. ಹಾಗಾಗಿ ಊಟದ ಮೇಜಿನಲ್ಲಿ ಕೇಳಿಬಂದ ವಿನಾಯ್ತಿ ಮೇಲಿನವರ ಕಣ್ಣಿಗೆ ಬಿದ್ದರೆ ನಿಲ್ಲುವುದು ಕಷ್ಟ.

ಮಣ್ಣು ಮಾರಾಟಕ್ಕಿಲ್ಲ

ನಮ್ಮವರು ಕೇಳುವ ಮೊದಲ ಪ್ರಶ್ನೆ, ಅಲ್ಲಿ ಎಕರೆಗೆ ಎಷ್ಟು? ಉತ್ತರ ಸುಲಭ. ಅಲ್ಲಿ ಕೃಷಿಭೂಮಿ ಮಾರ್ಲಿಕ್ಕಿಲ್ಲ. ಪೇಟೆಯ ಜಾಗ ಸರಕಾರದ್ದು, ಹಳ್ಳಿಯ ಜಾಗ ಹಳ್ಳಿಯ ಸಾಮೂಹಿಕ ಸೊತ್ತು. ಅಲ್ಲಿನ ರೈತನಿಗೇ ಅದು ಸ್ವಂತದ್ದಲ್ಲ!

ಈ ಕಥೆ ತಿಳಿಯಬೇಕಾದದ್ದೇ. 1978ರ ಕೊನೆಗೆ ಆನ್‌ಹುಯಿ ಪ್ರಾಂತದ ಶಿಯಾವೊಗಾಂಗ್ ಎಂಬ ಬಡ ಹಳ್ಳಿಯಲ್ಲಿ 18 ಮನೆಯವರು ಗುಟ್ಟಾಗಿ ಸೇರಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಸಾಮೂಹಿಕ ಗದ್ದೆಯನ್ನು ಮನೆಮನೆಗೆ ಹಂಚಿಕೊಳ್ಳುವುದು, ಸರಕಾರದ ಪಾಲು ಕೊಟ್ಟು ಉಳಿದದ್ದನ್ನು ತಾವಿಟ್ಟುಕೊಳ್ಳುವುದು. ಆಗ ಅದು ಜೈಲಿಗೆ ಹೋಗುವ ಅಪರಾಧ. ಮರುವರ್ಷ ಬೆಳೆ ಎಷ್ಟು ಹೆಚ್ಚಿತೆಂದರೆ ಮುಂದೆ ಸರಕಾರವೇ ಅದನ್ನು ದೇಶಕ್ಕೆಲ್ಲ ಪದ್ಧತಿ ಮಾಡಿತು. ಗೇಣಿಯ ಅವಧಿ 1984ರಲ್ಲಿ 15 ವರ್ಷ, 1993ರಲ್ಲಿ 30 ವರ್ಷ. ಅದು ಮುಗಿದ ಮೇಲೆ ಇನ್ನೊಂದು 30 ವರ್ಷ ಎಂದು 2017ರಲ್ಲಿ ಘೋಷಣೆ ಆಯಿತು.

ಅಂದರೆ ಹೊರಗಿನವನಿಗೆ ಸಿಗುವುದು ಏನು? ಮನೆಮನೆಯ ಗೇಣಿಯ ಮೇಲಿನ ಒಳಗೇಣಿ. ಅದೂ ಹಳ್ಳಿಯವರ ಒಪ್ಪಿಗೆ, ಮೇಲಿನವರ ಮಂಜೂರಾತಿ ಎಲ್ಲ ದಾಟಿ. ಅಲ್ಲಿ ಲೆಕ್ಕ ‘ಮೂ’ಗಳಲ್ಲಿ, ಆರು ಮೂ ಸೇರಿದರೆ ನಮ್ಮ ಒಂದು ಎಕರೆ. ಒಂದು ಮನೆಯ ಹಿಡುವಳಿ ನಮ್ಮ ಸಣ್ಣ ರೈತನಿಗಿಂತಲೂ ಚಿಕ್ಕದು. ಹತ್ತು ಎಕರೆ ಒಟ್ಟು ಮಾಡ್ಲಿಕ್ಕೆ ಹತ್ತಾರು ಮನೆ ಹತ್ತಬೇಕು. ‘ಚೀನಾದಲ್ಲಿ ತೋಟ’ ಅಂತ ಯಾರಾದರೂ ಪಾಲು ಮಾರ್ಲಿಕ್ಕೆ ಬಂದರೆ ಇದಿಷ್ಟು ನೆನಪಿರಲಿ.

ಬೀಜದ ಉದ್ಯಮವೂ ಸುಲಭ ಅಲ್ಲ. ವಿದೇಶಿಯರಿಗೆ ಮುಚ್ಚಿದ, ಅರೆಮುಚ್ಚಿದ ಕ್ಷೇತ್ರಗಳ ಒಂದು ಪಟ್ಟಿಯನ್ನೇ ಅವರು ಇಟ್ಟುಕೊಂಡಿದ್ದಾರೆ. ಕುಲಾಂತರಿ ಬೀಜ ಪೂರಾ ಬಂದ್. ಜೋಳದ ಹೊಸ ತಳಿಯ ಕಂಪೆನಿಯಲ್ಲಿ ಹಿಡಿತ ಚೀನಿಯರದ್ದೇ ಇರಬೇಕು, ಗೋಧಿಯದ್ದರಲ್ಲಿ ಅವರ ಪಾಲು ಕನಿಷ್ಠ 34%. ತಮ್ಮ ಬೀಜವನ್ನು ಅವರು ಕಾಯುವ ರೀತಿ ನೋಡಿದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.

ಹೋದ ದುಡ್ಡು ಬರುವ ದಾರಿ

ಕಾನೂನು ಪ್ರಕಾರ ಕಂಪೆನಿ ಮಾಡಿ ಹಣ ಹಾಕಬಹುದು. 2020ರ ಜನವರಿ 1ರಿಂದ ಅದಕ್ಕೆ ಒಂದೇ ಕಾಯಿದೆ, ಹಳೆಯ ಮೂರನ್ನು ತೆಗೆದುಹಾಕಿದ್ದಾರೆ. ಆದರೆ ಲಾಭ ಮನೆಗೆ ತರುವಾಗ ಲೆಕ್ಕ ಹೀಗೆ. ಮೊದಲು ಕಂಪೆನಿ ತೆರಿಗೆ, ಸಾಮಾನ್ಯ ದರ 25%. ಉಳಿದದ್ದರಲ್ಲಿ 10% ಮೀಸಲು ನಿಧಿಗೆ. ಪಾಲು ಹೊರದೇಶಕ್ಕೆ ಕಳುಹಿಸುವಾಗ ಇನ್ನೊಂದು 10% ತೆರಿಗೆ. ಇದರೊಟ್ಟಿಗೆ ಪ್ರತಿ ವರ್ಷ ಆಡಿಟ್, ಚೀನಿ ಭಾಷೆಯ ಲೆಕ್ಕ, ಅದಕ್ಕೊಬ್ಬ ಲೆಕ್ಕಿಗ. ನೂರು ರೂಪಾಯಿ ಗಳಿಸಿದರೆ ಕೈಗೆ ಬರುವುದು ಅರವತ್ತರ ಆಸುಪಾಸು, ಅದೂ ಲಾಭ ಆದರೆ. ಇಪ್ಪತ್ತೈದು ಜನ ತಲಾ ಎರಡೆರಡು ಲಕ್ಷ ಹಾಕಿದ ಕಂಪೆನಿಗೆ ಈ ಖರ್ಚೇ ಭಾರ.

ನಮ್ಮ ಕಡೆಯ ನಿಯಮವೂ ಉಂಟು. ಒಬ್ಬ ವ್ಯಕ್ತಿ ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಬ್ಯಾಂಕಿನ ಮೂಲಕ ಹೊರಗೆ ಕಳುಹಿಸಬಹುದು. ಮಿತಿ ದೊಡ್ಡದೇ. ನಮ್ಮಂಥವರಿಗೆ ತೊಡಕು ಬೇರೆ ಕಡೆ. ಕೃಷಿ ಆದಾಯ ಅಂತ ಇಷ್ಟು ವರ್ಷ ರಿಟರ್ನ್ ಸಲ್ಲಿಸದೆ ಇದ್ದವರೂ ವಿದೇಶದಲ್ಲಿ ಆಸ್ತಿ, ಪಾಲು, ಬ್ಯಾಂಕ್ ಖಾತೆ ಆದ ಮೇಲೆ ಸಲ್ಲಿಸಲೇಬೇಕು, ಅದರಲ್ಲಿ ಇದನ್ನು ತೋರಿಸಲೇಬೇಕು. 2015ರ ಕಪ್ಪುಹಣದ ಕಾಯಿದೆ ಇರುವುದು ಇಂಥದ್ದಕ್ಕೇ. ‘ದುಡ್ಡು ನಮ್ಮ ಕೈಗೆ ಕೊಡಿ, ನಾವು ಕಳುಹಿಸ್ತೇವೆ’ ಎನ್ನುವ ಸಂಘಟಕರು ಇದನ್ನು ಹೇಳುವುದಿಲ್ಲ.

ಹೈನಾನಿನ ಅಡಿಕೆ

ಅಡಿಕೆ ಬೆಳೆಗಾರರ ತಂಡವಾದರೆ ಹೈನಾನ್ ದ್ವೀಪ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಹೋಗಬೇಕಾದ ಜಾಗವೇ. ಚೀನಾದ ಅಡಿಕೆಯ 95%ಕ್ಕಿಂತ ಹೆಚ್ಚು ಈ ದ್ವೀಪದ್ದು. ವಾನ್‌ನಿಂಗ್ ಸುತ್ತಮುತ್ತ ಎಲ್ಲಿ ನೋಡಿದರೂ ಅಡಿಕೆ. ಆದರೆ ತಿನ್ನುವ ರೀತಿ ಬೇರೆ. ಎಳೆಯ ಹಸಿರು ಕಾಯಿ ಕೊಯ್ದು, ಬೇಯಿಸಿ, ಒಣಗಿಸಿ, ಸಮುದ್ರ ದಾಟಿಸಿ ಹುನಾನ್ ಪ್ರಾಂತದ ಶಿಯಾಂಗ್‌ತಾನ್‌ಗೆ ಕಳುಹಿಸುತ್ತಾರೆ. ಅಲ್ಲಿ ಸೀಳಿ, ಸುಣ್ಣ-ಸಿಹಿ-ಸುವಾಸನೆಯ ಪಾಕ ಹಚ್ಚಿ ಪ್ಯಾಕೆಟ್ ಮಾಡುತ್ತಾರೆ. ಅವರು ಜಗಿಯುವುದು ಸಿಪ್ಪೆಯನ್ನು! ನಾವು ಸುಲಿದು ಎಸೆಯುವುದು ಅವರ ಮಾಲು. ನಮ್ಮ ಚಾಲಿಗೆ ಅಲ್ಲಿ ದೊಡ್ಡ ಮಾರುಕಟ್ಟೆ ಉಂಟು ಎಂಬ ಆಸೆ ಇಲ್ಲಿಗೇ ಅರ್ಧ ಕರಗುತ್ತದೆ.

ಉಳಿದರ್ಧ ಕರಗುವುದು ಸರಕಾರದ ಧೋರಣೆಯಿಂದ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ 2004ರಲ್ಲಿ ವರ್ಗೀಕರಿಸಿತ್ತು. ಚೀನಾ 2020ರಲ್ಲಿ ಇದನ್ನು ಆಹಾರ ಪರವಾನಗಿಯ ಪಟ್ಟಿಯಿಂದ ಬಿಟ್ಟಿತು. 2021ರ ಸೆಪ್ಟೆಂಬರಿನಲ್ಲಿ ಟಿವಿ, ರೇಡಿಯೋ ಜಾಹೀರಾತು ನಿಷೇಧವಾಯಿತು. 2022ರಲ್ಲಿ ಹಲವು ಊರುಗಳಲ್ಲಿ ಅಂಗಡಿಗಳಿಂದ ಪ್ಯಾಕೆಟ್ ತೆಗೆಸಿದರು. ಅಡಿಕೆ ಕ್ಯಾಂಡಿಯ ಕಾರ್ಖಾನೆಯಲ್ಲಿ ಪಾಲು ಕೊಡ್ತೇವೆ ಎಂದರೆ ಮೊದಲು ಕೇಳಬೇಕಾದದ್ದು ಅದು ಯಾವ ಪರವಾನಗಿಯಲ್ಲಿ ನಡೆಯುತ್ತದೆ ಎಂಬುದು.

ಹೈನಾನ್ ಮುಕ್ತ ವ್ಯಾಪಾರ ಬಂದರು ಎಂಬ ಹೆಸರೂ ಕರಪತ್ರದಲ್ಲಿ ಇರುತ್ತದೆ. 2025ರ ಡಿಸೆಂಬರ್ 18ರಿಂದ ಇಡೀ ದ್ವೀಪಕ್ಕೆ ಪ್ರತ್ಯೇಕ ಸುಂಕದ ವ್ಯವಸ್ಥೆ ಬಂದದ್ದು ನಿಜ. ಸರಕಾರ ಪ್ರೋತ್ಸಾಹಿಸುವ ಉದ್ದಿಮೆಗಳಿಗೆ ಕಂಪೆನಿ ತೆರಿಗೆ 15%. ನಿಮಗೆ ತೋರಿಸುವ ಉದ್ದಿಮೆ ಆ ಪಟ್ಟಿಯಲ್ಲಿ ಉಂಟೋ ಇಲ್ಲವೋ ಎಂಬುದೇ ಪ್ರಶ್ನೆ.

ಅಲ್ಲಿನ ತೋಟಗಳಲ್ಲಿ ಹಳದಿ ಎಲೆ ರೋಗ 1981ರಿಂದಲೂ ಇದೆ. ಶೃಂಗೇರಿ, ಕೊಪ್ಪ, ಸಂಪಾಜೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅವರು ಹೇಗೆ ಬದುಕುತ್ತಿದ್ದಾರೆ, ಎಡೆಯಲ್ಲಿ ಏನು ಹಾಕುತ್ತಾರೆ ಎಂಬುದನ್ನು ಬೇಕಾದಷ್ಟು ಕೇಳಿ. ಆದರೆ ಒಂದು ಗೋಟು, ಒಂದು ಕಡ್ಡಿ, ಒಂದು ಹಿಡಿ ಮಣ್ಣು ಕೂಡ ಚೀಲದಲ್ಲಿ ತರಬೇಡಿ. 2003ರ ಸಸ್ಯ ಸಂಪರ್ಕನಿಷೇಧ ಆದೇಶದ ಪ್ರಕಾರ ಪರವಾನಗಿ ಇಲ್ಲದೆ ತರುವಂತಿಲ್ಲ. ಕಾನೂನು ಬಿಡಿ, ಒಬ್ಬರ ಕುತೂಹಲಕ್ಕೆ ಊರಿನ ತೋಟ ಬಲಿಯಾಗಬಾರದು.

ನಮ್ಮ ಕೈಗೆಟಕುವುದು ಯಂತ್ರ

ಸಣ್ಣವರು ಒಟ್ಟಾಗಿ ನಿಜವಾಗಿ ಹಣ ಹಾಕಬಹುದಾದದ್ದು ಅಲ್ಲಿನ ಕಂಪೆನಿಗಲ್ಲ, ಇಲ್ಲಿಗೆ ತರಿಸುವ ಯಂತ್ರಕ್ಕೆ ಎಂದು ನನ್ನ ಅಭಿಪ್ರಾಯ. ಕಳೆಕೊಚ್ಚುವ ಯಂತ್ರ, ಸಣ್ಣ ಇಂಜಿನು, ಡ್ರೈಯರ್, ಗ್ರೇಡಿಂಗ್ ಯಂತ್ರ.

ಗುವಾಂಗ್‌ಝೌದ ಕ್ಯಾಂಟನ್ ಮೇಳ 1957ರಿಂದ ನಡೆಯುತ್ತಿದೆ. ವರ್ಷಕ್ಕೆ ಎರಡು ಸಲ, ಎಪ್ರಿಲ್ 15 ಮತ್ತು ಅಕ್ಟೋಬರ್ 15ರ ಸುಮಾರಿಗೆ ಶುರು. ಮೂರು ಹಂತ, ಒಂದೊಂದು ಐದು ದಿನ. ಯಂತ್ರ, ಉಪಕರಣ ಎಲ್ಲ ಮೊದಲನೇ ಹಂತದಲ್ಲಿ. ಮೂರನೇ ಹಂತಕ್ಕೆ ಹೋದರೆ ಬಟ್ಟೆ, ಆಟಿಕೆ ನೋಡಿ ಬರಬೇಕಷ್ಟೆ. ಟ್ರಾವೆಲ್ಸಿನವರಿಗೆ ವಿಮಾನದ ದರ ಯಾವಾಗ ಕಡಿಮೆಯೋ ಆ ಹಂತ ಇಷ್ಟ. ದಿನಾಂಕ ನೀವೇ ನೋಡಿಕೊಳ್ಳಿ. ಮೊದಲೇ ಹೆಸರು ನೋಂದಾಯಿಸಿದ ವಿದೇಶಿ ಖರೀದಿದಾರರಿಗೆ ಪ್ರವೇಶ ಉಚಿತ. ಅದಕ್ಕೂ ದುಡ್ಡು ಲೆಕ್ಕ ಹಾಕಿದ್ದರೆ ಕೇಳಿ. ವ್ಯಾಪಾರದ ಮಾತಿಗೆ ಹೋಗುವವರಿಗೆ ‘ಎಮ್’ ವೀಸಾ, ಪ್ರವಾಸಿಗೆ ‘ಎಲ್’.

ಸ್ಟಾಲಿನಲ್ಲಿ ಕೂತವರೆಲ್ಲ ತಯಾರಕರಲ್ಲ, ದಲ್ಲಾಳಿಗಳೂ ಬೇಕಾದಷ್ಟು. ಮೇಳ ಮುಗಿಸಿ ಕಾರ್ಖಾನೆಗೇ ಹೋಗಿ ನೋಡುವುದು ಒಳ್ಳೆಯದು. ಲೋಹದ ಸಣ್ಣ ಉಪಕರಣಗಳಿಗೆ ಝೆಜಿಯಾಂಗ್ ಪ್ರಾಂತದ ಯೊಂಗ್‌ಕಾಂಗ್ ಹೆಸರುವಾಸಿ. ಸಾಮಾನ್ಯವಾಗಿ 30% ಮುಂಗಡ, ಉಳಿದದ್ದು ಹಡಗಿಗೆ ಹಾಕುವ ಮೊದಲು. ಆ ಎರಡನೇ ಕಂತು ಕೊಡುವ ಮೊದಲು ಮಾಲು ಪರೀಕ್ಷೆ ಆಗಲೇಬೇಕು. ಒಂದೇ ಮಾದರಿಯನ್ನು ತರಿಸಿ ಒಂದು ಮಳೆಗಾಲ ದುಡಿಸಿ ನೋಡಿ, ಮತ್ತೆ ಐವತ್ತಕ್ಕೆ ಆರ್ಡರ್ ಕೊಡಿ. ಬಿಡಿಭಾಗ ಮೊದಲನೇ ಪೆಟ್ಟಿಗೆಯಲ್ಲೇ ಬರಬೇಕು. ಕಾರ್ಬುರೇಟರ್ ಇಲ್ಲದ ಯಂತ್ರ ಕೊಟ್ಟಿಗೆಯ ಮೂಲೆಗೇ ಸೈ.

ಆಮದಿಗೆ ನಮ್ಮ ಸರಕಾರದ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಸಂಘದ ಹೆಸರಲ್ಲಿ ಒಂದು ಮಾಡಿಸಿದರೆ ಎಲ್ಲರಿಗೂ ಸಾಕು. ಯಾವ ಯಂತ್ರ ತರಬಹುದು ಎಂದೂ ಮೊದಲೇ ವಿಚಾರಿಸಿ. ಪವರ್ ಟಿಲ್ಲರನ್ನು 2020ರ ಜುಲೈಯಲ್ಲಿ ನಿರ್ಬಂಧಿತ ಪಟ್ಟಿಗೆ ಹಾಕಿದರು. ಪರವಾನಗಿ ಇಲ್ಲದೆ ತಂದರೆ ಬಂದರಿನಲ್ಲೇ ಕೂತೀತು.

ಕೆಂಪು ಮೊಹರು

ಚೀನಾದಲ್ಲಿ ಸಹಿಗಿಂತ ಕಂಪೆನಿಯ ಕೆಂಪು ಮೊಹರಿಗೆ ಬೆಲೆ. ಕಾಗದ ಎರಡು ಭಾಷೆಯಲ್ಲಿದ್ದರೆ ತಕರಾರಿನಲ್ಲಿ ಯಾವುದು ನಿಲ್ಲುತ್ತದೆ ಎಂದು ಅದರಲ್ಲೇ ಬರೆದಿರಬೇಕು, ಹೆಚ್ಚಾಗಿ ಚೀನಿಯದ್ದೇ. ಪ್ರತಿ ಕಂಪೆನಿಗೂ 18 ಅಂಕೆ-ಅಕ್ಷರಗಳ ಒಂದು ನೋಂದಣಿ ಸಂಖ್ಯೆ ಇದೆ. ಸರಕಾರದ ಜಾಲತಾಣದಲ್ಲಿ ಅದನ್ನು ಹಾಕಿದರೆ ಕಂಪೆನಿ ಬದುಕಿದೆಯೋ, ಬಂಡವಾಳ ಎಷ್ಟು ಎಂಬುದು ಪುಕ್ಕಟೆ ಸಿಗುತ್ತದೆ. ಚೀನಿ ಓದುವವರೊಬ್ಬರು ಬೇಕು. ಸಂಘಟಕರ ಗೈಡ್ ಅವರ ಸಂಬಳದವನು. ತಂಡವೇ ಸೇರಿ ಒಂದು ದಿನಕ್ಕಾದರೂ ಬೇರೆ ದುಭಾಷಿಯನ್ನು ಗೊತ್ತುಮಾಡಿಕೊಂಡರೆ ತಲೆಗೆ ಬರುವ ಖರ್ಚು ಏನೂ ಅಲ್ಲ.

ಹಣದ ತಕರಾರು ಅಲ್ಲಿ ಮೈಮೇಲೆ ಬರುವುದೂ ಉಂಟು. ಯಿವು ಎಂಬ ಊರಿನಲ್ಲಿ 75,000ದಷ್ಟು ಮಳಿಗೆಗಳ ದೊಡ್ಡ ಸಂತೆಯಿದೆ. 2011ರ ಕೊನೆಗೆ ಅಲ್ಲಿ, ಧಣಿ ಬಾಕಿ ಉಳಿಸಿ ಪರಾರಿಯಾದನೆಂದು ಅವನ ಇಬ್ಬರು ಭಾರತೀಯ ನೌಕರರನ್ನು ಸ್ಥಳೀಯ ವ್ಯಾಪಾರಿಗಳು ಕೂಡಿಹಾಕಿದ್ದರು. ಆ ಊರಲ್ಲಿ ವ್ಯಾಪಾರ ಬೇಡ ಎಂದು ನಮ್ಮ ರಾಯಭಾರಿ ಕಚೇರಿಯೇ ಆಗ ಎಚ್ಚರಿಸಿತ್ತು. ಗುವಾಂಗ್‌ಝೌನಲ್ಲಿ ಭಾರತದ ಕಾನ್ಸುಲೇಟ್ ಇದೆ. ಅದರ ನಂಬ್ರ ಮೊಬೈಲಿನಲ್ಲಿ ಮಾತ್ರ ಅಲ್ಲ, ಕಾಗದದಲ್ಲೂ ಇರಲಿ.

ಮೊಬೈಲಿನ ಮಾತು ಬಂತಲ್ಲ, ಅಲ್ಲಿ ವಾಟ್ಸಾಪ್, ಗೂಗಲ್ ಸುಲಭಕ್ಕೆ ತೆರೆಯುವುದಿಲ್ಲ. ಅವರ ವ್ಯವಹಾರ ಎಲ್ಲ ವಿಚಾಟಿನಲ್ಲಿ, ಅದನ್ನು ನಮ್ಮ ಸರಕಾರ 2020ರಲ್ಲಿ ನಿಷೇಧಿಸಿದೆ. ಊರಿಗೆ ಬಂದ ಮೇಲೆ ಕಾರ್ಖಾನೆಯವರನ್ನು ಹಿಡಿಯುವುದು ಹೇಗೆ? ಮಾತಾಡಿದ ಪ್ರತಿಯೊಬ್ಬರಿಂದಲೂ ಇಮೇಲ್ ವಿಳಾಸ ಬರೆಸಿಕೊಳ್ಳಿ, ಅಲ್ಲೇ ನಿಂತು ಒಂದು ಪತ್ರ ಕಳುಹಿಸಿ, ಉತ್ತರ ಬಂದದ್ದು ನೋಡಿಯೇ ಬಸ್ಸು ಹತ್ತಿ.