ಸೇವೆಗೆ ಬನ್ನಿ ಅಂದ್ರೆ ಬರೋದಿಲ್ಲ, ಕೆಲಸ ಏನು ಅಂತ ಹೇಳಿ



ಪುಣೆಯ ಹಿಂಜವಡಿಯಲ್ಲಿ ಸಂಜೆ ಟ್ರಾಫಿಕ್ ಕರಗೋವರೆಗೆ ನಾವು ನಾಲ್ಕೈದು ಕನ್ನಡದವರು ಆಫೀಸಿನ ಹೊರಗೆ ಚಹಾ ಕುಡೀತಾ ನಿಲ್ಲೋದು ರೂಢಿ. ಅಪ್ರೈಸಲ್ ಮುಗಿದ ವಾರ ನಮ್ಮ ಹುಬ್ಬಳ್ಳಿ ಗೆಳೆಯ ತಪ್ಪದೆ ಒಂದು ಮಾತು ಹೇಳ್ತಾನೆ: "ಸಾಕಾಗೇತಿಪಾ, ನಾಕು ಮಂದಿಗೆ ಉಪಯೋಗ ಆಗೋ ಕೆಲಸಾ ಏನರೆ ಮಾಡಬೇಕು." ಎಲ್ಲರೂ ಹೌದು ಅಂತೀವಿ. ಮರುದಿನ ಬೆಳಿಗ್ಗೆ ಎಲ್ಲರೂ ಅದೇ ಸ್ಟ್ಯಾಂಡ್‌ಅಪ್ ಮೀಟಿಂಗ್‌ನಲ್ಲಿ ಹಾಜರ್.

ಮನಸ್ಸಿರೋ ಜನ ಇಷ್ಟಿದ್ದರೂ ಸರ್ಕಾರದವರು, ಎನ್‌ಜಿಒದವರು "ಒಳ್ಳೆ ಜನ ಸಿಗ್ತಿಲ್ಲ" ಅನ್ನೋದು ಯಾಕೆ?

ಸಂಬಳ ಅನ್ನೋದು ಸುಲಭದ ಉತ್ತರ. ಅದು ಸುಳ್ಳಲ್ಲ. ಮನೆ ಸಾಲದ ಇಎಂಐ ಇದೆ, ಮಗಳ ಸ್ಕೂಲ್ ಫೀಸಿದೆ, ಊರಿಗೆ ಕಳಿಸೋ ದುಡ್ಡಿದೆ. ಆದರೂ ಎರಡು ವರ್ಷದ ಹಿಂದೆ ಅರ್ಧ ಸಂಬಳಕ್ಕೆ ಮನೆಯವಳನ್ನು ಒಪ್ಪಿಸಿ ನಾನೊಂದು ಶಿಕ್ಷಣ ಸಂಸ್ಥೆಯ ಇಂಟರ್‌ವ್ಯೂಗೆ ಹೋಗಿದ್ದೆ. ನಾನು ಕೇಳಿದ್ದು ಮೂರೇ ಪ್ರಶ್ನೆ: ಯಾವ ಸಮಸ್ಯೆ ಬಿಡಿಸಬೇಕು? ತೀರ್ಮಾನ ಯಾರದ್ದು? ಎಷ್ಟು ವರ್ಷ? "ಸೇವಾ ಮನೋಭಾವ ಇದ್ರೆ ಸಾಕು, ಉಳಿದದ್ದು ತಾನಾಗೇ ಆಗುತ್ತೆ" ಅಂದ್ರು. ನಾನು ವಾಪಸ್ ಬಂದೆ. ನನ್ನನ್ನು ತಡೆದದ್ದು ಸಂಬಳ ಆಗಿರಲಿಲ್ಲ.

ಜೇಮ್ಸ್ ಪೆರ್ರಿ ಮತ್ತು ಲೋಯಿಸ್ ವೈಸ್ ಅನ್ನೋ ಇಬ್ಬರು ಅಮೆರಿಕದ ವಿದ್ವಾಂಸರು 1990ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಅವರ ಪ್ರಕಾರ ಸಾರ್ವಜನಿಕ ಕೆಲಸಕ್ಕೆ ಜನರನ್ನು ಎಳೆಯೋ ಪ್ರೇರಣೆ ಮೂರು ಬಗೆ. ಒಂದು, ನೀತಿ ರೂಪಿಸೋದರಲ್ಲಿ ತನ್ನದೂ ಕೈ ಇರಬೇಕು ಅನ್ನೋ ಆಸೆ. ಎರಡು, ಸಮಾಜಕ್ಕೆ ಕರ್ತವ್ಯ ಇದೆ ಅನ್ನೋ ಭಾವ. ಮೂರು, ಕಷ್ಟದಲ್ಲಿರೋರ ಮೇಲಿನ ಮರುಕ. ನಮ್ಮಲ್ಲಿ ಕರೆಯೋರು ಹೆಚ್ಚಾಗಿ ಕರ್ತವ್ಯ, ಮರುಕದ ಭಾಷೆಯಲ್ಲೇ ಕರೀತಾರೆ. ಇಂಜಿನಿಯರ್‌ಗಳಲ್ಲಿ ಅನೇಕರಿಗೆ ಮೊದಲನೆಯದರ ಹಸಿವೇ ಜಾಸ್ತಿ. ದೊಡ್ಡ ಸಮಸ್ಯೆ ಕೊಡಿ, ಬಿಡಿಸೋಕೆ ಅಧಿಕಾರ ಕೊಡಿ, ಬರ್ತೀವಿ.

ಆಧಾರ್ ನೋಡಿ. 2009ರಲ್ಲಿ ನಂದನ್ ನಿಲೇಕಣಿ ಇನ್ಫೋಸಿಸ್ ಬಿಟ್ಟು ಅದರ ಪ್ರಾಧಿಕಾರದ ಅಧ್ಯಕ್ಷರಾದರು. ತಂತ್ರಜ್ಞಾನ ಕೇಂದ್ರ ಬೆಂಗಳೂರಲ್ಲಿ. ಐಎಎಸ್ ಅಧಿಕಾರಿಗಳ ಪಕ್ಕದಲ್ಲೇ ಕಂಪನಿಗಳಿಂದ ರಜೆ ತಗೊಂಡು ಬಂದವರು, ಸ್ವಯಂಸೇವಕರು ಕೂತು ಕೆಲಸ ಮಾಡಿದರು. 60 ಕೋಟಿ ಜನರಿಗೆ ನಂಬರ್ ಕೊಡಬೇಕು ಅನ್ನೋ ಗುರಿ ಎಲ್ಲರಿಗೂ ಗೊತ್ತಿತ್ತು. ಮೊದಲ ನಂಬರ್ 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದೂರ್‌ಬಾರ್ ಜಿಲ್ಲೆಯ ತೆಂಭ್ಲಿ ಹಳ್ಳಿಯಲ್ಲಿ ಕೊಟ್ಟರು. ಆಧಾರ್ ಬಗ್ಗೆ ಖಾಸಗಿತನದ ಗಂಭೀರ ಪ್ರಶ್ನೆಗಳಿವೆ, 2018ರಲ್ಲಿ ಸುಪ್ರೀಂ ಕೋರ್ಟ್ ಅದರ ಬಳಕೆಗೆ ಮಿತಿಯನ್ನೂ ಹಾಕಿತು. ಆದರೆ ಜನರನ್ನು ಸೇರಿಸಿದ ರೀತಿಯಲ್ಲಿ ಪಾಠ ಇದೆ. ಹೋದವರಿಗೆ ವಾಪಸ್ ಬರೋ ದಾರಿಯೂ ಇತ್ತು. ನಿಲೇಕಣಿಯವರೇ 2017ರಲ್ಲಿ ಇನ್ಫೋಸಿಸ್‌ಗೆ ಮರಳಿದರು.

ಟೀಚ್ ಫಾರ್ ಇಂಡಿಯಾದ ಗುಟ್ಟೂ ಇದೇ. 2009ರಲ್ಲಿ ಮುಂಬೈ, ಪುಣೆಯಲ್ಲಿ ಅವರ ಮೊದಲ ತಂಡ ತರಗತಿಗೆ ಹೋಯ್ತು. ಬಡ ಮಕ್ಕಳ ಶಾಲೆಯಲ್ಲಿ ಪೂರ್ಣಾವಧಿ ಪಾಠ, ಎರಡು ವರ್ಷ, ಸಾಧಾರಣ ಸಂಬಳ. ಎರಡು ವರ್ಷ ಅಂದಾಗ ಮನೆಯಲ್ಲಿ ಕೂತು ಲೆಕ್ಕ ಹಾಕಬಹುದು. "ಜೀವನ ಮುಡಿಪಾಗಿಡಿ" ಅಂದ್ರೆ ಯಾವ ಲೆಕ್ಕ ಹಾಕೋದು?

ಸರ್ಕಾರವೂ ಬಾಗಿಲು ತೆರೆದು ನೋಡಿದೆ. 2018ರಲ್ಲಿ ಕೇಂದ್ರ ಸರ್ಕಾರ ಹೊರಗಿನವರಿಗೆ 10 ಜಂಟಿ ಕಾರ್ಯದರ್ಶಿ ಹುದ್ದೆ ಕರೆಯಿತು. ಮೂರು ವರ್ಷದ ಗುತ್ತಿಗೆ, ಐದರವರೆಗೆ ವಿಸ್ತರಣೆ. ಬಂದ ಅರ್ಜಿಗಳು 6,000ಕ್ಕೂ ಹೆಚ್ಚು! ಅಂದ್ರೆ ಜನ ಇಲ್ಲ ಅನ್ನೋ ಮಾತು ನಿಲ್ಲೋದಿಲ್ಲ. ಆದರೆ 2024ರ ಆಗಸ್ಟ್‌ನಲ್ಲಿ 45 ಹುದ್ದೆ ಕರೆದಾಗ ಮೀಸಲಾತಿ ಎಲ್ಲಿ ಅನ್ನೋ ಪ್ರಶ್ನೆ ಎದ್ದು, ಕೆಲವೇ ದಿನಗಳಲ್ಲಿ ಜಾಹೀರಾತು ವಾಪಸ್ ತಗೊಂಡರು. ಆ ಪ್ರಶ್ನೆ ನ್ಯಾಯವಾದದ್ದೇ. ಬಾಗಿಲು ತೆರೆದರೆ ಸಾಲದು, ಅದು ಯಾರಿಗೆ ತೆರೆದಿದೆ ಅನ್ನೋದೂ ಮುಖ್ಯ. ಅರ್ಧ ಸಂಬಳಕ್ಕೆ ಬರೋಕೆ ಸಾಧ್ಯ ಇರೋರನ್ನೇ ಕರೆದರೆ, ಮನೆ ಕಡೆ ಆಸ್ತಿ ಇರೋರು ಮಾತ್ರ ಬರ್ತಾರೆ. ಮೊದಲ ತಲೆಮಾರಿನ ಪದವೀಧರ, ಸಮಸ್ಯೆಯನ್ನು ಉಂಡು ಬೆಳೆದವನು, ಹೊರಗೇ ಉಳೀತಾನೆ.

ಹಾಗಾಗಿ ಕರೆಯೋರಿಗೆ ನನ್ನ ಮನವಿ ಇಷ್ಟೇ: ಜಾಹೀರಾತಿನಲ್ಲಿ ಸಮಸ್ಯೆ, ಅವಧಿ, ಅಧಿಕಾರ, ಸಂಬಳ ನಾಲ್ಕನ್ನೂ ಬರೀರಿ. ಹೋಗೋರಿಗೂ ಒಂದು ಮಾತು: ಈ ನಾಲ್ಕನ್ನು ಕೇಳೋಕೆ ಸಂಕೋಚ ಬೇಡ. ಕೇಳಿದ ಮಾತ್ರಕ್ಕೆ ನಿಮ್ಮ ಕಾಳಜಿ ಕಡಿಮೆ ಆಗೋದಿಲ್ಲ.

ಈ ತಿಂಗಳು ನಾನು ಇನ್ನೊಂದು ಕಡೆ ಅರ್ಜಿ ಹಾಕಿದ್ದೇನೆ. ಮನೆಯವಳ ಜೊತೆ ಕೂತು ಲೆಕ್ಕ ಹಾಕಿದೆವು: ಎರಡು ವರ್ಷ ತಡೀಬಹುದು, ಐದು ಆಗೋದಿಲ್ಲ. ಅದನ್ನ ಅರ್ಜಿಯಲ್ಲೇ ಬರೆದಿದ್ದೇನೆ. ಏನಾಯ್ತು ಅಂತ ಮುಂದಿನ ಸಲ ಹೇಳ್ತೀನಿ. ಬರಲಾ?