ಹಳೆಯ ಕಾರಿಗೆ ತಕ್ಕ ಕಾರ್ಬ್ಯುರೇಟರ್

ಮನೆಯ ಹಿರಿಯರು ಅಕ್ಕರೆಯಿಂದ ಕೊಂಡ ಕಾರು ಕೆಮ್ಮುತ್ತ ಕರಿಹೊಗೆ ಉಗುಳತೊಡಗಿದರೆ ಎಲ್ಲರ ದೃಷ್ಟಿಯೂ ಮೊದಲು ಬೀಳುವುದು ಕಾರ್ಬ್ಯುರೇಟರಿನ ಮೇಲೆ. ಹಳೆಯದನ್ನು ಕಿತ್ತು ಹೊಸದನ್ನು ಹಾಕಿಸಬೇಕೆಂಬ ಸಲಹೆಗೆ ಆಗ ಕೊರತೆಯಿರುವುದಿಲ್ಲ. ಆದರೆ ಆ ಸಲಹೆ ಎಲ್ಲ ವೇಳೆಯಲ್ಲಿಯೂ ಹಿತಕರವಲ್ಲ.

ಕಾರ್ಬ್ಯುರೇಟರಿನ ಕಾರ್ಯವನ್ನು ಅಡಿಗೆಮನೆಯ ಒಲೆಗೆ ಹೋಲಿಸಬಹುದು. ಸೌದೆ ಹೆಚ್ಚಾದರೆ ಹೊಗೆ. ಗಾಳಿ ಮಿತಿಮೀರಿದರೆ ಉರಿ ನಿಲ್ಲದು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೆರೆತರೆ ಎಂಜಿನ್ ಸುಖವಾಗಿ ನಡೆಯುತ್ತದೆ.

1948ರಿಂದ 1971ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಮಾರಿಸ್ ಮೈನರ್ ಇದಕ್ಕೊಂದು ನಿದರ್ಶನ. ಇದರ ಮೊದಲ ಮಾದರಿಯೇ ಭಾರತದಲ್ಲಿ 'ಬೇಬಿ ಹಿಂದೂಸ್ತಾನ್' ಎನಿಸಿಕೊಂಡಿತು. 1956ರಲ್ಲಿ ಬಂದ ಇದರ 948 ಸಿ.ಸಿ. ಎಂಜಿನ್ನಿಗೆ 1¼ ಅಂಗುಲದ ಎಸ್.ಯು. ಕಾರ್ಬ್ಯುರೇಟರನ್ನು ಜೋಡಿಸಲಾಗಿತ್ತು. ಪಾದರಕ್ಷೆಯ ವ್ಯಾಪಾರಕ್ಕೆ ಹೆಸರಾದ ಸ್ಕಿನ್ನರ್ ಮನೆತನದವರು 20ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಈ ಸಾಧನದಲ್ಲಿ ಮೊದಮೊದಲು ಚರ್ಮದ ತಿದಿಯೇ ಇತ್ತೆಂಬುದು ಸ್ವಾರಸ್ಯದ ಸಂಗತಿ! ತಿದಿಯ ಸ್ಥಾನಕ್ಕೆ ಬಳಿಕ ಪಿಸ್ಟನ್ ಬಂದಿತು. ಎಂಜಿನ್ ಗಾಳಿಯನ್ನು ಸೆಳೆದಂತೆಲ್ಲ ಪಿಸ್ಟನ್ ಮೇಲೇರುತ್ತದೆ. ಅದಕ್ಕೆ ಬಿಗಿದ ಮೊನಚು ಸೂಜಿ ಜೆಟ್ಟಿನಿಂದ ಮೇಲಕ್ಕೆ ಸರಿದು, ಬೇಕಾದಷ್ಟೇ ಪೆಟ್ರೋಲಿಗೆ ದಾರಿ ಬಿಡುತ್ತದೆ.

ಬಾಯಿ ದೊಡ್ಡದಾದಷ್ಟೂ ಬಲ ಹೆಚ್ಚುವುದೆಂಬ ನಂಬಿಕೆ ಸಲ್ಲದು. ಬೇರೊಂದು ಕಾರಿನ ದೊಡ್ಡ ಕಾರ್ಬ್ಯುರೇಟರನ್ನು ಇದಕ್ಕೆ ತೊಡಿಸಿದರೆ ಅದರ ಸೂಜಿಯ ಅಳತೆ ಈ ಎಂಜಿನ್ನಿಗೆ ಒಗ್ಗುವುದಿಲ್ಲ; ಪೆಟ್ರೋಲಿನ ಖರ್ಚು ಹೆಚ್ಚಿ, ನಡೆ ಕೆಡುತ್ತದೆ. ಆದುದರಿಂದ ಮೂಲದ ಕಾರ್ಬ್ಯುರೇಟರನ್ನು ಮೊದಲು ಪರೀಕ್ಷಿಸುವುದೇ ಲೇಸು. ಥ್ರಾಟಲ್ ಕವಾಟದ ಕಡ್ಡಿಯನ್ನು ಬೆರಳಿನಿಂದ ಅಲುಗಿಸಿದಾಗ ಅದು ಸಡಿಲವೆನಿಸಿದರೆ, ಆ ಸಂದಿನಿಂದ ಗಾಳಿ ನುಗ್ಗುತ್ತಿದೆಯೆಂದೇ ತಿಳಿಯಬೇಕು. ಪಿಸ್ಟನ್ನಿನ ಮೇಲಿನ ಕೊಳವೆಯಲ್ಲಿ ಎಣ್ಣೆ ಬತ್ತಿದ್ದರೆ ವೇಗ ಹೆಚ್ಚಿಸುವಾಗ ಕಾರು ತಡವರಿಸುತ್ತದೆ. ಸ್ಪಾರ್ಕ್ ಪ್ಲಗ್ಗಿನ ತುದಿ ಕಂದು ಬಣ್ಣದ್ದಾಗಿದ್ದರೆ ಮಿಶ್ರಣ ಸರಿ. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಬಿಳಿಚಿದ್ದರೆ ಕಡಿಮೆ. ಸವೆದ ಸೂಜಿ, ಜೆಟ್ಟು, ಕಡ್ಡಿಗಳಿಗೆ ಬದಲಿ ಭಾಗಗಳು ಇಂದಿಗೂ ತಯಾರಾಗುತ್ತಿವೆ.

ಕಾಯವೇ ಬಿರುಕು ಬಿಟ್ಟಿದ್ದರೆ ಮಾತ್ರ ಹೊಸದು ಅನಿವಾರ್ಯ. ಆಗಲೂ ಬಾಯಿಯ ಅಳತೆ ಹಾಗೂ ಸೂಜಿಯ ಗುರುತು ಮೂಲದಂತೆಯೇ ಇರುವುದನ್ನು ನೋಡಿ ಕೊಳ್ಳುವುದು ಜಾಣತನ.

ಉಳಿತಾಯ ಸಲ್ಲದ ಸ್ಥಳ ಒಂದುಂಟು. 2025ರಲ್ಲಿ ಭಾರತದ ಪೆಟ್ರೋಲಿನಲ್ಲಿ ಎಥನಾಲಿನ ಪ್ರಮಾಣ ಶೇಕಡಾ 20ಕ್ಕೆ ಮುಟ್ಟಿತು. ಹಳೆಯ ರಬ್ಬರ್ ಕೊಳವೆಗಳನ್ನು ಎಥನಾಲ್ ಮೆದುವಾಗಿಸಿ ಬಿರಿಯಿಸಬಲ್ಲುದು. ಮಾರಿಸ್ ಮೈನರಿನಲ್ಲಿ ಬಿಸಿ ಹೊಗೆಕೊಳವೆಯಿರುವುದು ಕಾರ್ಬ್ಯುರೇಟರಿನ ಬದಿಯಲ್ಲಿಯೇ. ಸೋರಿದ ಪೆಟ್ರೋಲು ಅದಕ್ಕೆ ತಗುಲಿದರೆ ಬೆಂಕಿಯ ಅಪಾಯ ತಪ್ಪಿದ್ದಲ್ಲ. ಎಥನಾಲನ್ನು ತಾಳುವ ಕೊಳವೆಯನ್ನು ಹಾಕಿಸಿದ ನಂತರವೇ ಮಕ್ಕಳುಮರಿಗಳನ್ನು ಕೂರಿಸಿಕೊಂಡು ಸವಾರಿ ಹೊರಡುವುದು ಕ್ಷೇಮ.